ಕಾಫಿ ಪುಡಿ ಎಲ್ಲಿಂದ ಹೊರಡಬೇಕು?

ನಮ್ಮ ಮನೆಯ ಊಟದ ಮೇಜಿನ ಮೇಲೆ ಯಾರೂ ಊಟ ಮಾಡದೆ ಎಂಟು ತಿಂಗಳಾಗಿತ್ತು. ಒಂದು ತುದಿಯಲ್ಲಿ ಲೇಬಲ್ ಪ್ರಿಂಟರ್, ಇನ್ನೊಂದು ತುದಿಯಲ್ಲಿ ತೂಕದ ಮೆಷಿನ್, ನಡುವೆ ಟೇಪು, ಕತ್ತರಿ, ರಟ್ಟಿನ ಡಬ್ಬಗಳು. ಕೆಳಗೆ ಕಾಲಿಡೋಕೂ ಜಾಗವಿಲ್ಲದಂತೆ ಜೇನಿನ ಬಾಟಲಿಗಳು. ನಾವೆಲ್ಲ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವು. ಅತ್ತೆಗೆ ಮಂಡಿ ನೋವು. ಅವರು ಮಾತ್ರ ಸ್ಟೂಲಿನ ಮೇಲೆ ಕೂತು, ತಟ್ಟೆಯನ್ನು ತೊಡೆ ಮೇಲಿಟ್ಟುಕೊಂಡು, ದಿನಕ್ಕೊಂದು ಸಲ ಕೇಳುತ್ತಿದ್ದರು: "ಇದು ಮನೆಯೋ, ಮಂಡಿಯೋ?"

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮದು ಚಿಕ್ಕ ಅಂಗಡಿ. ಆಲ್ದೂರಿನ ಹತ್ತಿರ ಆರು ಎಕರೆ ತೋಟ ಇದೆ. ತೋಟದ ಕಾಫಿ ಹುರಿದು, ಪುಡಿ ಮಾಡಿ ಮಾರೋದು ಮಾವನವರ ಕಾಲದಿಂದ ಬಂದದ್ದು. ಜೊತೆಗೆ ಕಾಳುಮೆಣಸು, ಏಲಕ್ಕಿ, ಜೇನು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ. ಮುಳ್ಳಯ್ಯನಗಿರಿ ನೋಡೋಕೆ ಬಂದವರು ವಾಪಸ್ ಹೋಗುವಾಗ ಅರ್ಧ ಕೆಜಿ ಪುಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅಷ್ಟೇ ವ್ಯಾಪಾರ. 2020ರ ಲಾಕ್‌ಡೌನ್‌ನಲ್ಲಿ ಅದೂ ನಿಂತಿತು. ಆಗ ಹಳೇ ಗಿರಾಕಿಗಳು ವಾಟ್ಸಾಪ್‌ನಲ್ಲಿ ಕೇಳೋಕೆ ಶುರು ಮಾಡಿದರು, ನಾವು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸೋಕೆ ಶುರು ಮಾಡಿದೆವು. ಆಮೇಲೆ ನಮ್ಮದೇ ಒಂದು ವೆಬ್‌ಸೈಟು. ಆಮೇಲೆ ಎರಡು ದೊಡ್ಡ ಮಾರಾಟದ ಆ್ಯಪ್‌ಗಳು. ನೋಡನೋಡುತ್ತಾ ತಿಂಗಳಿಗೆ 600 ಆರ್ಡರ್. ಅಂಗಡಿ ಅಷ್ಟೇ ಇತ್ತು, ಮನೆಯೂ ಅಷ್ಟೇ ಇತ್ತು.

ಕಟ್ಟೆ ಒಡೆದದ್ದು 2024ರ ಜುಲೈನಲ್ಲಿ. ಆ ಜುಲೈ ಮಳೆ ನಮ್ಮ ಕಡೆಯವರಿಗೆ ನೆನಪಿರುತ್ತದೆ. ಶಿರಾಡಿಯಲ್ಲಿ ಗುಡ್ಡ ಕುಸಿದಿತ್ತು. ನಮ್ಮಲ್ಲಿ ಬೆಳಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಪ್ರಿಂಟರ್ ಇಲ್ಲ ಅಂತ ನಾನು ವಿಳಾಸಗಳನ್ನು ಕೈಯಲ್ಲಿ ಬರೆದು ಅಂಟಿಸುತ್ತಾ ಕೂತೆ. ಗಾಳಿಯ ತೇವಕ್ಕೆ ಟೇಪು ಹಿಡಿಯುತ್ತಿಲ್ಲ. ಆ ಗಡಿಬಿಡಿಯಲ್ಲಿ ಎರಡು ಪಾರ್ಸೆಲ್ ಅದಲುಬದಲಾದವು. ಪ್ಯೂರ್ ಕಾಫಿ ಕೇಳಿದ್ದ ಪುಣೆಯವರಿಗೆ ಚಿಕೋರಿ ಮಿಶ್ರಣ ಹೋಯಿತು, ಚಿಕೋರಿ ಕೇಳಿದ್ದ ಮೈಸೂರಿನವರಿಗೆ ಪ್ಯೂರ್ ಹೋಯಿತು. ಮೈಸೂರಿನವರು "ಈ ಸಲ ಪುಡಿ ಚೆನ್ನಾಗಿದೆ, ಡಿಕಾಕ್ಷನ್ ಮಾತ್ರ ತೆಳ್ಳಗೆ" ಅಂತ ಮೆಸೇಜ್ ಹಾಕಿದರು. ಪುಣೆಯವರು ಒಂದು ಸ್ಟಾರ್ ಕೊಟ್ಟರು. ಅದೇ ವಾರ ಒಂದು ಆ್ಯಪ್‌ನಿಂದ ಎಚ್ಚರಿಕೆ ಬಂತು: ನಿಮ್ಮ ಆರ್ಡರ್‌ಗಳು ತಡವಾಗಿ ಹೊರಡುತ್ತಿವೆ, ಹೀಗೇ ಆದರೆ ನಿಮ್ಮ ಸಾಮಾನು ತೋರಿಸೋದು ನಿಲ್ಲಿಸುತ್ತೇವೆ.

ಇವರು ಹೇಳಿದರು, "ಒಂದು ಗೋಡೌನ್ ಬಾಡಿಗೆಗೆ ತಗೊಳ್ಳೋಣ. ಮುಗೀತು."

ನನಗೂ ಆಗ ಹಾಗೇ ಅನ್ನಿಸಿತ್ತು. ಗೋಡೌನ್ ಅಂದರೆ ನಾಲ್ಕು ಗೋಡೆ, ಒಂದು ಸೂರು, ಒಂದು ಬೀಗ. ಚದರಡಿಗೆ ಎಷ್ಟು ಬಾಡಿಗೆ ಅಂತ ಕೇಳಿದರೆ ಆಯ್ತು, ಅಲ್ವಾ?

ಊರಲ್ಲೇ ಮೂರು ನೋಡಿದೆವು. ಮೊದಲನೆಯದು ಕಡೂರು ರಸ್ತೆಯಲ್ಲಿ ಒಂದು ನೆಲಮಾಳಿಗೆ. ಬಾಡಿಗೆ ಕಡಿಮೆ. ಗೋಡೆಯ ಬುಡದಿಂದ ಮೊಣಕಾಲಿನವರೆಗೆ ಬಣ್ಣ ಉಬ್ಬಿ ಉದುರಿತ್ತು. ನೀರು ಎಲ್ಲಿವರೆಗೆ ಬರುತ್ತದೆ ಅನ್ನೋದನ್ನ ಗೋಡೆಯೇ ಗೆರೆ ಎಳೆದು ತೋರಿಸುತ್ತಿತ್ತು. ಮೆಟ್ಟಿಲಿನಿಂದಲೇ ವಾಪಸ್ ಬಂದೆವು. ಎರಡನೆಯದು ಹಳೇ ಅಕ್ಕಿ ಗಿರಣಿ. ಅದರಲ್ಲಿ ಇಲಿಗಳು ನಮಗಿಂತ ಮೊದಲೇ ಬಾಡಿಗೆಗಿದ್ದವು.

ಮೂರನೆಯದು ಚೆನ್ನಾಗಿತ್ತು. ಎತ್ತರದ ಸೂರು, ಮಂಗಳೂರು ಹೆಂಚು, ಗಾರೆ ನೆಲ, ಲಾರಿ ಬಾಗಿಲವರೆಗೆ ಬರುತ್ತದೆ. ಸುಮಾರು 600 ಚದರಡಿ, ತಿಂಗಳಿಗೆ 5,500 ರೂಪಾಯಿ. ಇವರು ಅಡ್ವಾನ್ಸ್ ಮಾತಾಡೋಕೆ ಬಾಯಿ ತೆಗೆದಿದ್ದರು. ಅಷ್ಟರಲ್ಲಿ ಅತ್ತೆ ಸೀರೆಯ ಸೆರಗು ಮೂಗಿಗೆ ಹಿಡಿದುಕೊಂಡು ಮೂಲೆಗೆ ಹೋದರು. ಗೋಡೆಯ ಹತ್ತಿರ ಬಗ್ಗಿ ಮೂಸಿದರು. ತಿರುಗಿ ಬಂದು ಮಾಲೀಕರನ್ನು ಕೇಳಿದರು, "ಇಲ್ಲಿ ಮುಂಚೆ ಏನಿಟ್ಟಿದ್ರಿ?"

"ಗೊಬ್ಬರ ಅಮ್ಮಾ. ಸ್ವಲ್ಪ ಔಷಧಿ. ಅದೆಲ್ಲ ಖಾಲಿಯಾಗಿ ಎರಡು ವರ್ಷ ಆಯ್ತು. ಸುಣ್ಣ ಹೊಡೆಸಿಕೊಡ್ತೀನಿ ಬಿಡಿ."

ಔಷಧಿ ಅಂದರೆ ತೋಟಕ್ಕೆ ಹೊಡೆಯೋ ಔಷಧಿ. ನನಗೆ ಏನೂ ವಾಸನೆ ಬಂದಿರಲಿಲ್ಲ. ಆದರೆ ಕಾಫಿಯ ಗುಣ ಗೊತ್ತಿರುವವರು ಇಂಥ ಜಾಗದಲ್ಲಿ ಒಂದು ಮೂಟೆಯನ್ನೂ ಇಳಿಸೋದಿಲ್ಲ. ಕಾಫಿ ಪಕ್ಕದಲ್ಲಿರೋದರ ವಾಸನೆಯನ್ನು ಹೀರಿಕೊಳ್ಳುತ್ತದೆ. ತೇವವನ್ನೂ ಅಷ್ಟೇ. ಕರಾವಳಿಯಲ್ಲಿ ಬೀಜವನ್ನು ಮಳೆಗಾಲದ ಗಾಳಿಗೆ ವಾರಗಟ್ಟಲೆ ಬೇಕಂತಲೇ ಒಡ್ಡಿ, ಉಬ್ಬಿಸಿ, ಬಣ್ಣ ಬಿಳಿಚಿಸಿ, ಮಾನ್ಸೂನ್ಡ್ ಮಲಬಾರ್ ಅಂತ ಒಳ್ಳೆ ಬೆಲೆಗೆ ಹೊರದೇಶಕ್ಕೆ ಕಳಿಸುತ್ತಾರೆ. ಅಲ್ಲಿ ಅದು ಕಸುಬು. ನಮ್ಮ ಗೋಡೌನ್‌ನಲ್ಲಿ ತಾನಾಗೇ ಆದರೆ ನಷ್ಟ. ಮೆಣಸೂ ಹಾಗೇ. ಎಷ್ಟು ಚೆನ್ನಾಗಿ ಒಣಗಿಸಿಟ್ಟರೂ ಜುಲೈ ಗಾಳಿ ತಗುಲಿದರೆ ಮತ್ತೆ ತೇವ ಎಳೆದುಕೊಂಡು ಬೂಸ್ಟು ಹಿಡಿಯುತ್ತದೆ.

ಬರುವಾಗ ಆಟೋದಲ್ಲಿ ಅತ್ತೆ ಏನೂ ಮಾತಾಡಲಿಲ್ಲ. ಗೆದ್ದಾಗ ಅವರು ಹಾಗೇ.

ಆಮೇಲೆ ಬೆಂಗಳೂರಿನ ದಾರಿ ಹಿಡಿದೆವು. ನೆಲಮಂಗಲದ ಕಡೆ ದೊಡ್ಡ ದೊಡ್ಡ ಶೆಡ್ಡುಗಳಿವೆ. ನಮ್ಮಂಥ ಹತ್ತಾರು ಚಿಕ್ಕ ವ್ಯಾಪಾರಿಗಳ ಸ್ಟಾಕನ್ನು ಒಂದೇ ಕಡೆ ಇಟ್ಟುಕೊಂಡು, ಆರ್ಡರ್ ಬಂದ ಹಾಗೆ ಪ್ಯಾಕ್ ಮಾಡಿ ಕಳಿಸಿಕೊಡುತ್ತಾರೆ. ನಾವು ಸರಕು ತಲುಪಿಸಿ, ದುಡ್ಡು ಕೊಟ್ಟರೆ ಸಾಕು. ಬೇಲೂರು, ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ದಾಟಿ ಅಲ್ಲಿ ಮುಟ್ಟೋಕೆ ಐದು ಗಂಟೆ ಹಿಡಿಯಿತು. ನಡುವೆ ಹಾಸನದಲ್ಲಿ ತಿಂಡಿಗೆ ನಿಲ್ಲಿಸಿದಾಗ ಇವರಿಗೆ ಇನ್ನೊಂದು ಐಡಿಯಾ ಹೊಳೆಯಿತು. ಹಾಸನ ಹೆದ್ದಾರಿಯ ಮೇಲೇ ಇದೆ, ಬೆಂಗಳೂರು–ಮಂಗಳೂರು ಗಾಡಿಗಳೆಲ್ಲ ಇಲ್ಲಿಂದಲೇ ಹೋಗುತ್ತವೆ, ಇಲ್ಲೇ ಒಂದು ಗೋಡೌನ್ ಮಾಡಿದರೆ ಹೇಗೆ ಅಂತ. ಹಾಸನದಲ್ಲಿ ನಮಗೆ ನೆಂಟರೂ ಇದ್ದಾರೆ. ಎರಡು ದೋಸೆ ಮುಗಿಯೋವರೆಗೆ ಆ ಮಾತು ನಡೆಯಿತು. ಗೋಡೌನ್ ಹಾಸನದಲ್ಲಿ, ಹುರಿಯೋ ಮೆಷಿನ್ ಚಿಕ್ಕಮಗಳೂರಿನಲ್ಲಿ, ನಡುವೆ 60 ಕಿಲೋಮೀಟರ್. ದಿನಾ ಓಡಾಡೋರು ಯಾರು? ಕಾಫಿ ಕುಡಿದು ಎದ್ದೆವು.

ನೆಲಮಂಗಲದ ಶೆಡ್ಡು ನೋಡಿ ನನಗೆ ನಾಚಿಕೆಯಾಯಿತು. ನಾನು ಊಟದ ಮೇಜಿನ ಮೇಲೆ ಮಾಡುತ್ತಿದ್ದ ಕೆಲಸವನ್ನು ಹೀಗೂ ಮಾಡಬಹುದಾ ಅಂತ. ಆಳೆತ್ತರದ ಮೂರರಷ್ಟು ರ‍್ಯಾಕುಗಳು. ಪ್ರತಿ ಖಾನೆಗೂ ಒಂದು ನಂಬರು, ಒಂದು ಬಾರ್‌ಕೋಡ್. ಹುಡುಗಿಯೊಬ್ಬಳು ಕೈಯಲ್ಲಿ ಸ್ಕ್ಯಾನರ್ ಹಿಡಿದು ಖಾನೆಗೊಂದು ಸಲ ಟಿಕ್, ಸಾಮಾನಿಗೊಂದು ಸಲ ಟಿಕ್ ಅನ್ನಿಸುತ್ತಿದ್ದಳು. ತಪ್ಪು ಪ್ಯಾಕೆಟ್ ಎತ್ತಿದರೆ ಅದು ಕುಯ್ಯೋ ಅನ್ನುತ್ತದೆ. ಬೇಕಂತಲೇ ತಪ್ಪು ಎತ್ತಿ ತೋರಿಸಿದಳು. ಪ್ಯಾಕಿಂಗ್ ಮೇಜಿನ ಮೇಲೆ ಕ್ಯಾಮೆರಾ. ಡಬ್ಬದೊಳಗೆ ಏನು ಹೋಯಿತು ಅನ್ನೋದಕ್ಕೆ ವಿಡಿಯೋ ಸಾಕ್ಷಿ. ಪುಣೆಯವರ ಒಂದು ಸ್ಟಾರ್ ನೆನಪಾಯಿತು.

ಅಲ್ಲಿನ ಮ್ಯಾನೇಜರ್ ರೇಟ್ ಕಾರ್ಡ್ ಕೊಟ್ಟರು. ಮನೆಗೆ ಬಂದು ಮಗಳ ಜೊತೆ ಕೂತು ಲೆಕ್ಕ ಹಾಕಿದೆ. ಅವಳು ಪಿಯುಸಿ ಕಾಮರ್ಸು, ಇಂಥದ್ದರಲ್ಲಿ ಉತ್ಸಾಹ ಜಾಸ್ತಿ. ಒಂದು ಆರ್ಡರ್ ತೆಗೆದು ಪ್ಯಾಕ್ ಮಾಡೋಕೆ 20 ರೂಪಾಯಿ. ಅದೇ ಡಬ್ಬಕ್ಕೆ ಎರಡನೇ ಸಾಮಾನು ಸೇರಿದರೆ ತಲಾ 4 ರೂಪಾಯಿ. ಸರಕು ಒಳಗೆ ತಗೊಳ್ಳೋಕೆ ಪ್ಯಾಕೆಟ್ಟಿಗೆ ಒಂದೂವರೆ ರೂಪಾಯಿ. ಒಂದು ಖಾನೆಗೆ ತಿಂಗಳಿಗೆ 90. ನಮ್ಮದು ತಿಂಗಳಿಗೆ 600 ಆರ್ಡರ್, ಅದರಲ್ಲಿ ಒಟ್ಟು 1,080 ಪ್ಯಾಕೆಟ್, 20 ಖಾನೆ ಬೇಕು. ಎಲ್ಲ ಸೇರಿ 17,340. ಅಂದರೆ ಆರ್ಡರ್‌ಗೆ 28 ರೂಪಾಯಿ 90 ಪೈಸೆ, ಜಿಎಸ್‌ಟಿ ಬೇರೆ.

ಊರಲ್ಲೇ ಗೋಡೌನ್ ಮಾಡಿದರೆ? ಬಾಡಿಗೆ 5,500, ಕೆಲಸಕ್ಕೆ ಒಬ್ಬರು 11,000, ಕರೆಂಟು 500. ಒಟ್ಟು 17,000. ಆರ್ಡರ್‌ಗೆ 28 ರೂಪಾಯಿ 33 ಪೈಸೆ.

ಮಗಳು ಎರಡು ಸಲ ಕ್ಯಾಲ್ಕುಲೇಟರ್ ಒತ್ತಿದಳು. ವ್ಯತ್ಯಾಸ 57 ಪೈಸೆ. ಎರಡು ತಿಂಗಳು ಊರೂರು ಸುತ್ತಿ, ದುಡ್ಡು ಏನಾದರೂ ತೀರ್ಮಾನ ಹೇಳುತ್ತದೆ ಅಂತ ಕಾದಿದ್ದರೆ, ದುಡ್ಡು ಕೈಕಟ್ಟಿ ಕೂತಿತ್ತು.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿ ಸುಟ್ಟುಕೊಂಡೆವು, ಅದನ್ನೂ ಹೇಳಿಬಿಡುತ್ತೇನೆ. ಮಾರಾಟದ ಆ್ಯಪ್‌ನವರಿಗೇ ಅವರದೇ ಗೋಡೌನ್‌ಗಳಿರುತ್ತವೆ. ಅಲ್ಲಿ ಸ್ಟಾಕ್ ಇಟ್ಟರೆ ಗಿರಾಕಿಗೆ 'ನಾಳೆ ಬರುತ್ತದೆ' ಅಂತ ತೋರಿಸುತ್ತದೆ, ಮಾರಾಟ ನಿಜಕ್ಕೂ ಏರುತ್ತದೆ. ನಾವು 60 ಬಾಟಲಿ ಜೇನು, 80 ಪ್ಯಾಕೆಟ್ ಕಾಫಿ ಪುಡಿ ಕಳಿಸಿದೆವು. ಜೇನು ಹೋಯಿತು. ಕಾಫಿ ಪುಡಿ ನಿಂತಿತು. ನಿಂತಷ್ಟು ದಿನಕ್ಕೆ ಬಾಡಿಗೆ ಏರುತ್ತಾ ಹೋಯಿತು. ಊಟದ ಸಾಮಾನು ಗಿರಾಕಿ ಕೈ ಸೇರುವಾಗ ಅದರ ಆಯುಷ್ಯದಲ್ಲಿ ಶೇ. 30 ಆದರೂ ಉಳಿದಿರಬೇಕು, ಇಲ್ಲವೇ 45 ದಿನ ಆದರೂ ಇರಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2024ರಲ್ಲಿ ಇಂಥ ಆ್ಯಪ್‌ಗಳಿಗೆ ಹೇಳಿತ್ತು. ಒಳ್ಳೆಯ ನಿಯಮವೇ. ಆದರೆ ನಮ್ಮ ಪುಡಿಗೆ ನಾವು ಹಾಕೋದೇ ಮೂರು ತಿಂಗಳ ದಿನಾಂಕ. ಅಲ್ಲಿ ಹೋಗಿ ಸೇರೋಕೆ ಒಂದು ವಾರ, ಕಣ್ಣಿಗೆ ಬೀಳೋಕೆ ಇನ್ನೊಂದು ವಾರ. ಕೊನೆಗೆ 31 ಪ್ಯಾಕೆಟ್ ವಾಪಸ್ ಕಳಿಸಿದರು, ಕಳಿಸಿದ್ದಕ್ಕೂ ಶುಲ್ಕ ಹಿಡಿದರು.

ಆ 31 ಪ್ಯಾಕೆಟ್‌ಗಳಲ್ಲಿ ಕೆಲವು ಬಲೂನಿನ ಹಾಗೆ ಊದಿದ್ದವು. ಅದು ನಮ್ಮದೇ ತಪ್ಪು. ಹುರಿದ ಕಾಫಿ ಎಷ್ಟೋ ದಿನ ಗಾಳಿ ಬಿಡುತ್ತಲೇ ಇರುತ್ತದೆ, ಇಂಗಾಲದ ಡೈಆಕ್ಸೈಡ್. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು. ಅದಕ್ಕೇ ಅಂತ ಚಿಕ್ಕ ಗುಂಡಗಿನ ವಾಲ್ವ್ ಇರೋ ಪೌಚ್ ಸಿಗುತ್ತದೆ. ನಾವು ದುಡ್ಡು ಉಳಿಸೋಕೆ ಸಾದಾ ಪೌಚ್ ತಂದಿದ್ದೆವು. ಅಂಗಡಿಯಲ್ಲಿ ಮಾರುವಾಗ ಇದು ಗೊತ್ತೇ ಆಗಿರಲಿಲ್ಲ. ಬೆಳಗ್ಗೆ ಕಟ್ಟಿದ್ದು ಸಂಜೆ ಖಾಲಿಯಾಗುತ್ತಿತ್ತಲ್ಲ.

ಅತ್ತೆ ಒಂದು ಪ್ಯಾಕೆಟ್ ಕತ್ತರಿಸಿ ಮೂಸಿದರು. ಈ ಕಥೆಯಲ್ಲಿ ಅವರ ಮೂಗಿಗೆ ಕೆಲಸ ಜಾಸ್ತಿ. "ಸತ್ತೋಗಿದೆ" ಅಂದರು. ಆಮೇಲೆ ಸ್ಟೂಲಿನ ಮೇಲೆ ಕೂತು, ನನಗಲ್ಲ, ಸುಮ್ನೆ ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದರು: "ಊರಿನ ಮನೇಲಿ ಹಪ್ಪಳ ಒಲೆ ಮೇಲಿನ ಅಟ್ಟದಲ್ಲಿ ಇರ್ತಿತ್ತು, ಹೊಗೆ ಬೆಚ್ಚಗೆ ತಾಗ್ಲಿ ಅಂತ. ಉಪ್ಪಿನಕಾಯಿ ಭರಣಿ ಕತ್ತಲೆ ಕೋಣೆಲಿ. ಮೆಣಸು ಉಗ್ರಾಣದಲ್ಲಿ ಮೂಟೆ ಕಟ್ಟಿ, ವರ್ಷ ಆದ್ರೂ ಏನೂ ಆಗ್ತಿರ್ಲಿಲ್ಲ. ಕಾಫಿ ಪುಡಿನ ಮಾತ್ರ ಯಾರೂ ಎಲ್ಲೂ ಇಡ್ತಿರ್ಲಿಲ್ಲ. ವಾರಕ್ಕಾಗೋಷ್ಟು ಹುರಿಯೋದು, ಕುಡಿಯೋದು. ನೀವು ಎಲ್ಲಾನೂ ಒಂದೇ ಕಡೆ ತುಂಬ್ತೀನಿ ಅಂದ್ರೆ?"

ನಾನು ಅಲ್ಲಿಯವರೆಗೆ ನಮ್ಮ ಸ್ಟಾಕಿಗೆ ಯಾವ ಗೋಡೌನ್ ಸರಿ ಅಂತ ಹುಡುಕುತ್ತಿದ್ದೆ. ನಮ್ಮ ಸ್ಟಾಕು ಒಂದೇ ಅಲ್ಲ ಅಂತ ಹೊಳೆದಿರಲಿಲ್ಲ.

ಮೂರು ತಿಂಗಳ ಆರ್ಡರ್‌ಗಳನ್ನು ಮತ್ತೆ ತೆಗೆದು, ಈ ಸಲ ಸಾಮಾನಿನ ಪ್ರಕಾರ ವಿಂಗಡಿಸಿದೆವು. ತಿಂಗಳ 600ರಲ್ಲಿ ಸುಮಾರು 250 ಆರ್ಡರ್ ಬರೀ ಜೇನು, ಬರೀ ಮೆಣಸು ಅಥವಾ ಬರೀ ಏಲಕ್ಕಿ. ಇವು ಬಹುಪಾಲು ಆ್ಯಪ್‌ಗಳಿಂದ ಬಂದವು. ಆ ಗಿರಾಕಿಗೆ ನಾವು ಯಾರು ಅಂತ ಗೊತ್ತಿಲ್ಲ. ಬೇಗ ಬಂದರೆ ಸಾಕು. ಈ ಮೂರೂ ಕೆಡದ ಸಾಮಾನು. ಪೌಚು, ಬಾಟಲಿ ಗಟ್ಟಿಯಾಗಿದ್ದರೆ ನೆಲಮಂಗಲದಲ್ಲಿ ಆರು ತಿಂಗಳು ಕೂತರೂ ಏನೂ ಆಗೋದಿಲ್ಲ. ಉಳಿದ 350 ಆರ್ಡರ್ ಬಹುಪಾಲು ನಮ್ಮ ವೆಬ್‌ಸೈಟು ಮತ್ತು ವಾಟ್ಸಾಪಿನವು. ಹೆಚ್ಚಿನವುಗಳಲ್ಲಿ ಕಾಫಿ ಪುಡಿ ಇದ್ದೇ ಇರುತ್ತದೆ, ಜೊತೆಗೆ ಒಂದಿಷ್ಟು ಹಪ್ಪಳ, ಒಂದು ಉಪ್ಪಿನಕಾಯಿ. ಈ ಗಿರಾಕಿಗೆ ಎರಡು ದಿನ ತಡವಾದರೆ ಬೇಜಾರಿಲ್ಲ. ಹುರಿದ ದಿನಾಂಕ ಹಳೇದಾಗಿದ್ದರೆ ಫೋನ್ ಮಾಡುತ್ತಾರೆ.

ಸರಿ, ಕಾಫಿ ಇಲ್ಲಿಂದ, ಮಿಕ್ಕಿದ್ದು ಅಲ್ಲಿಂದ ಅಂತ ಇವರು ಅಂದರು. ಅಷ್ಟು ಸುಲಭ ಇರಲಿಲ್ಲ. ಒಬ್ಬರು ಪುಡಿ ಮತ್ತು ಮೆಣಸು ಎರಡೂ ಕೇಳಿದರೆ, ಪುಡಿ ಇಲ್ಲಿಂದ, ಮೆಣಸು ನೆಲಮಂಗಲದಿಂದ ಹೊರಟರೆ, ಎರಡು ಪಾರ್ಸೆಲ್, ಎರಡು ಕೊರಿಯರ್ ಚಾರ್ಜು. ಲಾಭ ಅಲ್ಲೇ ಮುಗೀತು. ಹಾಗಾಗಿ ಸಾಮಾನಿನ ಮೇಲೆ ಅಲ್ಲ, ಆರ್ಡರ್ ಬರೋ ಬಾಗಿಲಿನ ಮೇಲೆ ಭಾಗ ಮಾಡಿದೆವು. ಆ್ಯಪ್‌ನಿಂದ ಬಂದ ಜೇನು, ಮೆಣಸು, ಏಲಕ್ಕಿ ನೆಲಮಂಗಲದಿಂದ. ನಮ್ಮ ವೆಬ್‌ಸೈಟಿನದೆಲ್ಲ, ಏನೇ ಇರಲಿ, ಚಿಕ್ಕಮಗಳೂರಿನಿಂದ ಒಂದೇ ಡಬ್ಬದಲ್ಲಿ. ಮೆಣಸು ಎರಡೂ ಕಡೆ ಇರುತ್ತದೆ. ಕಾಫಿ ಪುಡಿಯನ್ನು ಆ್ಯಪ್‌ಗಳಿಂದ ತೆಗೆದೇಬಿಟ್ಟೆವು. ಇವರಿಗೆ ಈಗಲೂ ಅದರ ಬಗ್ಗೆ ಸ್ವಲ್ಪ ಹೊಟ್ಟೆಯುರಿ ಇದೆ.

ಲೆಕ್ಕ ಬದಲಾಯಿತು. 350 ಆರ್ಡರ್‌ಗೆ 600 ಚದರಡಿ ಗೋಡೌನ್ ಯಾಕೆ? ಹಿಂದಿನ ಬೀದಿಯ ಪರಿಚಯದವರ ಮನೆ ಮಹಡಿಯ ಮೇಲೆ ಎರಡು ಕೋಣೆ ಖಾಲಿ ಇತ್ತು. ತಿಂಗಳಿಗೆ 2,500. ಮೇಲ್ಗಡೆ ಇರೋದರಿಂದ ತೇವ ಕಡಿಮೆ. ಮಧ್ಯಾಹ್ನದವರೆಗೆ ಬರೋಕೆ ಒಬ್ಬ ಹುಡುಗಿ ಸಿಕ್ಕಳು, 7,000. ಎರಡೂ ಸೇರಿ ಆರ್ಡರ್‌ಗೆ 27 ರೂಪಾಯಿ ಚಿಲ್ಲರೆ. ನೆಲಮಂಗಲದವರಿಗೆ ಮಾತ್ರ ನಮ್ಮ ಹೊಸ ಯೋಜನೆ ಹಿಡಿಸಲಿಲ್ಲ. ತಿಂಗಳಿಗೆ ಕನಿಷ್ಠ ಬಿಲ್ಲು 10,000 ಅಂತ ರೇಟ್ ಕಾರ್ಡಿನ ಹಿಂಬದಿಯಲ್ಲಿ ಚಿಕ್ಕದಾಗಿ ಬರೆದಿತ್ತು, ನಾವು ಮುಂಬದಿ ಮಾತ್ರ ಓದಿದ್ದೆವು. ನಮ್ಮ 250 ಆರ್ಡರ್‌ಗೆ ಆಗೋದು ಆರು ಸಾವಿರ ಚಿಲ್ಲರೆ. ಇವರು ಮೂರು ಸಲ ಫೋನ್ ಮಾಡಿ, ಮೂರನೇ ಸಲ ಮಾತಿನ ನಡುವೆ ತೋಟದ ಕಿತ್ತಳೆ ಕಳಿಸ್ತೀನಿ ಅಂತಲೂ ಸೇರಿಸಿ, ಆರು ತಿಂಗಳ ಮಟ್ಟಿಗೆ 6,000ಕ್ಕೆ ಒಪ್ಪಿಸಿದರು. ರೇಟ್ ಕಾರ್ಡ್ ಅನ್ನೋದು ಮಾತು ಶುರು ಮಾಡೋಕೆ ಕೊಡೋ ಕಾಗದ ಅಂತ ನನಗೆ ಗೊತ್ತಾದದ್ದು ಆವತ್ತೇ.

ಕಾಗದಪತ್ರದ ಕೆಲಸಕ್ಕೆ ಒಂದು ತಿಂಗಳು ಹಿಡಿಯಿತು. ನಮ್ಮ ಸರಕು ಇನ್ನೊಬ್ಬರ ಗೋಡೌನ್‌ನಲ್ಲಿ ಇರುತ್ತದೆ ಅಂದರೆ, ಆ ವಿಳಾಸವನ್ನು ನಮ್ಮ ಜಿಎಸ್‌ಟಿ ನೋಂದಣಿಯಲ್ಲಿ 'ಹೆಚ್ಚುವರಿ ವ್ಯಾಪಾರ ಸ್ಥಳ' ಅಂತ ಸೇರಿಸಬೇಕು. ನೆಲಮಂಗಲ ಕರ್ನಾಟಕದಲ್ಲೇ ಇರೋದರಿಂದ ಇಷ್ಟಕ್ಕೆ ಮುಗಿಯಿತು. ಮುಂಬೈಯಲ್ಲೋ ಹೈದರಾಬಾದ್‌ನಲ್ಲೋ ಇಟ್ಟಿದ್ದರೆ ಆ ರಾಜ್ಯದಲ್ಲಿ ಬೇರೆಯೇ ನೋಂದಣಿ, ಅಲ್ಲಿಗೆ ಕಳಿಸಿದ ಸರಕಿಗೂ ತೆರಿಗೆ ಲೆಕ್ಕ. "ಅಮ್ಮಾ, ಮೊದಲು ಕರ್ನಾಟಕದಲ್ಲಿ ನಿದ್ದೆ ಮಾಡೋದು ಕಲೀರಿ, ಆಮೇಲೆ ಮುಂಬೈ" ಅಂದರು ಆಡಿಟರ್. ಆಹಾರ ಸಾಮಾನು ಇಡೋ ಜಾಗಕ್ಕೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಇರಬೇಕು. ನೆಲಮಂಗಲದವರ ಹತ್ತಿರ ಇತ್ತು. ಇದನ್ನು ಬಾಯಿಮಾತಲ್ಲಿ ಕೇಳಿ ಸುಮ್ಮನಾಗಬೇಡಿ. ಪ್ರತಿ ತರಿಸಿಕೊಂಡು ಅದರಲ್ಲಿರೋ ವಿಳಾಸ, ಅವಧಿ ಎರಡೂ ನೋಡಿ. ಮೊದಲು ಮಾತಾಡಿದ್ದ ಇನ್ನೊಂದು ಕಡೆಯವರು ಕಳಿಸಿದ ಪ್ರತಿಯಲ್ಲಿ ಬೇರೆ ಯಾವುದೋ ವಿಳಾಸ ಇತ್ತು.

ಮೊದಲ ಲೋಡು ಹೊರಟದ್ದು ಡಿಸೆಂಬರ್‌ನಲ್ಲಿ. ಬಿಲ್ಲು ಅಲ್ಲ, ಡೆಲಿವರಿ ಚಲನ್. ಮಾರಾಟ ಅಲ್ಲವಲ್ಲ, ನಮ್ಮ ಸರಕು ನಮ್ಮದೇ ಇನ್ನೊಂದು ಜಾಗಕ್ಕೆ ಹೋಗೋದು. ಬೆಲೆ 50,000 ದಾಟಿದ್ದರಿಂದ ಇ-ವೇ ಬಿಲ್ ಕೂಡ, ಅಂದರೆ ಸರಕು ಸಾಗಿಸೋಕೆ ಆನ್‌ಲೈನ್‌ನಲ್ಲಿ ತೆಗೆಯೋ ಚೀಟಿ. ಎರಡು ದಿನಕ್ಕೆ ನೆಲಮಂಗಲದಿಂದ ಮೇಲ್ ಬಂತು: ನೀವು ಜೇನು 240 ಅಂತ ಬರೆದಿದ್ದೀರಿ, ನಮಗೆ ಬಂದದ್ದು 228.

ಹನ್ನೆರಡು ಬಾಟಲಿ ಎಲ್ಲಿ ಹೋದವು? ದಾರಿಯಲ್ಲಿ ಯಾರೋ ತೆಗೆದರು ಅಂತ ಇವರು. ಅಲ್ಲೇ ಯಾರೋ ತೆಗೆದರು ಅಂತ ನಾನು. ಒಂದು ದಿನ ಪೂರ್ತಿ ಫೋನಿನಲ್ಲಿ ಜಗಳದ ಅಂಚಿನವರೆಗೆ ಹೋಗಿ ಬಂದೆವು. ಸಂಜೆ ಮಗಳು ಊಟದ ಮೇಜಿನ ಕೆಳಗೆ ಚಪ್ಪಲಿ ಹುಡುಕುತ್ತಿದ್ದವಳು, "ಅಮ್ಮಾ, ಇದೇನು?" ಅಂದಳು. ಒಂದು ಪೆಟ್ಟಿಗೆ. ಹನ್ನೆರಡು ಬಾಟಲಿ. ಸೀಲ್ ಹಾಕಿ, ಮೇಲೆ ನನ್ನದೇ ಕೈಬರಹದಲ್ಲಿ '20/20' ಅಂತ ಬರೆದು, ಟೆಂಪೋಗೆ ಹತ್ತಿಸೋದು ಮರೆತಿದ್ದೆ. ನೆಲಮಂಗಲದ ಮ್ಯಾನೇಜರ್‌ಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ನಗಲಿಲ್ಲ. "ಮೇಡಂ, ಗಾಡಿ ಹೊರಡೋ ಮುಂಚೆ ತುಂಬಿದ ಗಾಡಿದು ಒಂದು ಫೋಟೋ ತೆಗೆದಿಡಿ. ನಿಮಗೂ ಒಳ್ಳೇದು, ನಮಗೂ" ಅಂದರು. ಈಗ ಪ್ರತಿ ಪೆಟ್ಟಿಗೆ ಮೇಲೂ ಒಳಗೆ ಏನು, ಎಷ್ಟು ಅಂತ ಚೀಟಿ ಇರುತ್ತದೆ. ಫೋಟೋನೂ ತೆಗೆಯುತ್ತೇವೆ.

ಎಷ್ಟು ಸ್ಟಾಕ್ ಇಳಿದಾಗ ಮತ್ತೆ ಕಳಿಸಬೇಕು ಅನ್ನೋದು ಮೊದಲು ಅಂದಾಜಿನ ಮೇಲೆ ನಡೆಯುತ್ತಿತ್ತು. ಜನವರಿಯಲ್ಲಿ ಜೇನು ಪೂರ್ತಿ ಖಾಲಿಯಾಗಿ ಐದು ದಿನ ಆರ್ಡರ್ ತಪ್ಪಿತು. ಆಮೇಲೆ ಮಗಳು ಗೋಡೆಗೆ ಒಂದು ಕಾಗದ ಅಂಟಿಸಿದಳು. ಜೇನು ದಿನಕ್ಕೆ 5 ಹೋಗುತ್ತದೆ. ಇಲ್ಲಿಂದ ಕಟ್ಟಿ, ಕಳಿಸಿ, ಅಲ್ಲಿ ಎಣಿಸಿ, ರ‍್ಯಾಕಿಗೆ ಏರಿಸೋಕೆ 6 ದಿನ. ಅಂದರೆ 30. ಹಬ್ಬ, ಮಳೆ, ಟ್ರಾನ್ಸ್‌ಪೋರ್ಟ್ ತಡ ಅಂತ ಇನ್ನೊಂದು 20. ಕಂಪ್ಯೂಟರ್‌ನಲ್ಲಿ 50 ಕಂಡ ದಿನ ಟೆಂಪೋಗೆ ಫೋನ್ ಮಾಡೋದು. ಅವಳ ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ಅತ್ತೆ ಅಕ್ಕಿ ಡಬ್ಬದ ತಳ ಕಾಣೋಕೆ ಮುಂಚೆ ಗಿರಣಿಗೆ ಹೇಳಿ ಕಳಿಸೋದೂ ಇದೇ ಲೆಕ್ಕ.

ಕೊರಿಯರ್ ತೂಕದ ವಿಷಯ ಹೇಳದಿದ್ದರೆ ಈ ಕಥೆ ಅರ್ಧ. ಹಪ್ಪಳ ಒಡೆಯಬಾರದು ಅಂತ ನಾವು ದೊಡ್ಡ ಡಬ್ಬದಲ್ಲಿ, ಸುತ್ತ ಕಾಗದ ತುರುಕಿ ಕಳಿಸುತ್ತಿದ್ದೆವು. ಡಬ್ಬ ಉದ್ದ 30, ಅಗಲ 22, ಎತ್ತರ 18 ಸೆಂಟಿಮೀಟರ್. ಒಳಗೆ 200 ಗ್ರಾಮಿನ ನಾಲ್ಕು ಪ್ಯಾಕೆಟ್. ಎಲ್ಲ ಸೇರಿ ಒಂದು ಕೆಜಿ ದಾಟುತ್ತಿರಲಿಲ್ಲ. ಬಿಲ್ಲು ಮಾತ್ರ ಎರಡೂವರೆ ಕೆಜಿಗೆ. ಕೊರಿಯರ್‌ನವರು ಮೋಸ ಮಾಡುತ್ತಿದ್ದಾರೆ ಅಂತ ನಾನು ತಿಂಗಳುಗಟ್ಟಲೆ ಬೈದುಕೊಂಡಿದ್ದೆ. ಅದು ಮೋಸ ಅಲ್ಲ, ಗಾತ್ರದ ಲೆಕ್ಕ. ಉದ್ದ, ಅಗಲ, ಎತ್ತರ ಗುಣಿಸಿ 5,000ದಿಂದ ಭಾಗಿಸುತ್ತಾರೆ. ನಮ್ಮದು 2.38 ಬರುತ್ತದೆ. ನಿಜವಾದ ತೂಕ, ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಅರ್ಧರ್ಧ ಕೆಜಿಗೆ ಏರಿಸಿ ಎರಡೂವರೆ. ಅಂದರೆ ನಾವು ಒಂದೂವರೆ ಕೆಜಿ ಗಾಳಿಯನ್ನು ದೆಹಲಿಗೆ ದುಡ್ಡು ಕೊಟ್ಟು ಕಳಿಸುತ್ತಿದ್ದೆವು.

ಒಂದು ಭಾನುವಾರ ಕೂತು ಸ್ಕೇಲು ಹಿಡಿದು ಹಪ್ಪಳ ಅಳೆದೆ. ಪ್ಯಾಕೆಟ್‌ಗಳನ್ನು ಮಲಗಿಸೋ ಬದಲು ಪುಸ್ತಕದ ಹಾಗೆ ಸಾಲಾಗಿ ನಿಲ್ಲಿಸಿದರೆ 28ಕ್ಕೆ 14ಕ್ಕೆ 12ರ ಡಬ್ಬದಲ್ಲಿ ನಾಲ್ಕೂ ಬಿಗಿಯಾಗಿ ಕೂರುತ್ತವೆ. ಗಾತ್ರದ ತೂಕ 0.94. ಬಿಲ್ಲು ಒಂದು ಕೆಜಿ. ಅಲ್ಲಾಡೋಕೆ ಜಾಗ ಇಲ್ಲದ್ದಕ್ಕೆ ಹಪ್ಪಳ ಒಡೆಯೋದೂ ಕಡಿಮೆಯಾಯಿತು. ಗೋಡೌನ್ ಹುಡುಕೋಕೆ ತಿಂಗಳುಗಟ್ಟಲೆ ಓಡಾಡಿ ಉಳಿಸಿದ್ದಕ್ಕಿಂತ ಜಾಸ್ತಿ ದುಡ್ಡನ್ನು ಈ ಡಬ್ಬ ಉಳಿಸಿತು.

ಅರ್ಧ ಕೆಜಿ ಕಾಫಿ ಪುಡಿಯದೂ ಇದೇ ಪಾಡು. ಪುಡಿ 500 ಗ್ರಾಂ, ಪೌಚು, ಡಬ್ಬ ಸೇರಿ 560. ಅರ್ಧ ಕೆಜಿ ದಾಟಿತು, ಒಂದು ಕೆಜಿ ಚಾರ್ಜು. 400 ಗ್ರಾಂ ಪ್ಯಾಕೆಟ್ ಮಾಡೋಣ ಅಂದೆ. "ಅರ್ಧ ಕೆಜಿ ಅಂತ ಬಂದವ್ರಿಗೆ ನೂರು ಗ್ರಾಂ ಕಮ್ಮಿ ಕೊಟ್ಟು ಕಳಿಸ್ತೀಯಾ?" ಅಂದರು ಅತ್ತೆ. ಪ್ಯಾಕೆಟ್ ಮೇಲೆ ಬರೆದಿರುತ್ತೀವಿ ಅತ್ತೆ ಅಂದರೂ ಕೇಳಲಿಲ್ಲ. ಈ ಒಂದು ವಿಷಯದಲ್ಲಿ ಅವರ ಮಾತು ನಷ್ಟದ್ದು ಅಂತ ನನ್ನ ಅಭಿಪ್ರಾಯ. ಅದನ್ನು ಇಲ್ಲಿ ಬರೆಯಬಹುದು, ಮನೆಯಲ್ಲಿ ಹೇಳೋಕಾಗಲ್ಲ. ಈಗಲೂ 500 ಗ್ರಾಂ ಪ್ಯಾಕೆಟ್ಟೇ ಹೋಗುತ್ತಿದೆ.

ಮಹಡಿ ಕೋಣೆಯ ಬಗ್ಗೆ ಹೇಳಬೇಕಾದ್ದು ಹೆಚ್ಚಿಲ್ಲ. ಎಲ್ಲ ಸರಕೂ ಮರದ ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಜಾಸ್ತಿ ಹೋಗೋದು ಬಾಗಿಲ ಹತ್ತಿರ, ಕಡಿಮೆ ಹೋಗೋದು ಹಿಂದೆ. ಹೊಸ ಪ್ಯಾಕೆಟ್ ಬಂದಾಗ ಹಳೇದನ್ನು ಮುಂದಕ್ಕೆ ಎಳೆದು, ಹೊಸದನ್ನು ಹಿಂದೆ ಇಡಬೇಕು. ಹೇಳೋಕೆ ಸುಲಭ. ಮಾಡಿಸೋಕೆ ದಿನಾ ಹೇಳಬೇಕು. ಗೋಡೆಗೆ ತೇವ ತೋರಿಸೋ ಚಿಕ್ಕ ಮೀಟರ್ ಹಾಕಿದ್ದೇವೆ. ಚಿಕೋರಿ ಮಿಶ್ರಣಕ್ಕೆ ಹಸಿರು ಪೌಚು, ಪ್ಯೂರ್‌ಗೆ ಕಂದು. ಸ್ಕ್ಯಾನರ್ ಇಲ್ಲದವರಿಗೆ ಬಣ್ಣವೇ ಸ್ಕ್ಯಾನರ್. ಇನ್ವರ್ಟರ್ ಇದೆ, ಪ್ರಿಂಟರ್ ಅದರ ಮೇಲೆ ಓಡುತ್ತದೆ.

ಬೆಳಗ್ಗೆ ಹತ್ತಕ್ಕೆ ರಾತ್ರಿಯವರೆಗಿನ ಆರ್ಡರ್‌ಗಳ ಪಟ್ಟಿ ತೆಗೆಯುತ್ತೇನೆ. ಎಷ್ಟು ಕೆಜಿ ಪುಡಿ ಬೇಕು ಅಂತ ಇವರಿಗೆ ಹೇಳುತ್ತೇನೆ, ಹಿಂದಿನ ದಿನ ಹುರಿದಿಟ್ಟ ಬೀಜವನ್ನು ಅವರು ಅಷ್ಟೇ ಪುಡಿ ಮಾಡುತ್ತಾರೆ. ಮಧ್ಯಾಹ್ನದೊಳಗೆ ಡಬ್ಬಗಳು ಸಾಲಾಗಿ ನಿಂತಿರುತ್ತವೆ. ನಾಲ್ಕೂಕಾಲಿಗೆ ಕೊರಿಯರ್ ಹುಡುಗ ಬರುತ್ತಾನೆ. ಮಹಡಿ ಹತ್ತೋಕೆ ಬೇಜಾರು ಅವನಿಗೆ. ಕೆಳಗಿನಿಂದಲೇ "ಅಕ್ಕಾ, ಇವತ್ತು ಎಷ್ಟು?" ಅಂತ ಕೂಗುತ್ತಾನೆ. ಹದಿನೈದಕ್ಕಿಂತ ಜಾಸ್ತಿ ಅಂದರೆ ಮೊದಲು ಕಾಫಿ ಕೇಳುತ್ತಾನೆ.

ಊಟದ ಮೇಜು ಖಾಲಿಯಾದ ದಿನ ಒರೆಸಿ, ಹೊಸ ಬಟ್ಟೆ ಹಾಸಿ, ನಾಲ್ಕು ಕುರ್ಚಿ ಹಾಕಿದ್ದೆ. ಎರಡು ತಿಂಗಳು ಎಲ್ಲರೂ ಅದರ ಮೇಲೇ ಉಂಡೆವು. ಏಪ್ರಿಲ್‌ನಲ್ಲಿ ಹಲಸಿನಕಾಯಿ ಬಂತು. ನೆಲದಲ್ಲಿ ಕೂತು ಹಪ್ಪಳ ಒತ್ತೋಕೆ ಮಂಡಿ ಬಿಡಲ್ಲ ಅಂತ ಅತ್ತೆ ಮಣೆ, ಹಿಟ್ಟಿನ ಪಾತ್ರೆ, ಎಣ್ಣೆ ಬಟ್ಟಲು ಎಲ್ಲ ತಂದು ಮೇಜಿನ ಮೇಲೆ ಹರಡಿಕೊಂಡರು. ನಾವು ಮತ್ತೆ ಅಡುಗೆಮನೆಯ ನೆಲಕ್ಕೆ ಬಂದಿದ್ದೇವೆ.